ಶಹಾಬಾದ್ ಕಲ್ಲಿನ ಮೇಲೆ ಮರದ ನೆಲ: ಹಲಗೆ ಬರುವ ಮೊದಲಿನ ಕೆಲಸ

ಕಲಬುರಗಿಯಲ್ಲಿ ಕೂತು ಮರದ ನೆಲ ಹಾಕಿಸ್ತೀನಿ ಅಂದರೆ ಯಾರಿಗಾದರೂ ವಿಚಿತ್ರ ಅನಿಸುತ್ತದೆ. ಶಹಾಬಾದ್ ಇಲ್ಲೇ ಪಕ್ಕದಲ್ಲಿದೆ, ಮನೆ ಮನೆಗೂ ಅಲ್ಲಿಯ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು. ನಮ್ಮ ಗೌಂಡಿ ನೇರವಾಗಿಯೇ ಕೇಳಿದ: "ಬ್ಯಾಸಗ್ಯಾಗ ಇಷ್ಟ್ ತಂಪ್ ಇರ್ತದಲ್ರೀ ಸರ, ಇದರ ಮ್ಯಾಲ ಕಟಗಿ ಯಾಕ್ರಿ?" ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೇ ಇಡೀ ಮನೆಗೆ ಹಾಕಿಸಲಿಲ್ಲ, ಹಿಂದಿನ ಓದುವ ಕೋಣೆಗೆ ಮಾತ್ರ. ನನಗೆ ನೆಲದ ಮೇಲೆ ಕೂತು ಕೆಲಸ ಮಾಡುವ ಅಭ್ಯಾಸ. ಡಿಸೆಂಬರ್‌ನಲ್ಲಿ ಕಲ್ಲು ಮೊಣಕಾಲು ಹಿಡಿಯುತ್ತದೆ.

ಹಲಗೆ ಜೋಡಿಸಲು ಬೇರೆಯವರು ಬಂದರು, ಅವರ ಕೆಲಸ ಬೇಗ ಮುಗಿಯಿತು. ಅದಕ್ಕೆ ಮುಂಚಿನದೆಲ್ಲ ನಾನೇ ಗೌಂಡಿ ಜೊತೆ ನಿಂತು ಮಾಡಿದ್ದು. ಅದರಲ್ಲಿ ಮುಕ್ಕಾಲು ಪಾಲು ನೀರಿನ ಜೊತೆಗಿನ ಜಗಳ.

ನಮ್ಮದು ಹಳೇ ಮನೆ, ನೆಲಮಹಡಿ, ಕೆಳಗೆ ಎರೆಮಣ್ಣು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಆಗಿನ ಕಾಲದಲ್ಲಿ ಫರ್ಸಿ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವ ಪದ್ಧತಿ ಎಲ್ಲಿತ್ತು? ಮುರಮ್ (ಗರಸು ಮಣ್ಣು) ತುಂಬಿ, ಗಾರೆ ಹಾಕಿ, ಕಲ್ಲು ಕೂರಿಸಿದರೆ ಮುಗೀತು. ಶಹಾಬಾದ್ ಕಲ್ಲು ಬಿಗಿಯಾದ ಕಲ್ಲು, ಆದರೆ ಸಂದುಗಳಲ್ಲಿ ತೇವ ಏರುತ್ತದೆ. ಕಲ್ಲಿದ್ದಾಗ ಅದು ಗೊತ್ತಾಗುವುದಿಲ್ಲ, ಗಾಳಿಗೆ ಆರಿಹೋಗುತ್ತದೆ. ಮೇಲೆ ಮರ ಮುಚ್ಚಿದರೆ ಆರಲು ಜಾಗವಿಲ್ಲ, ಅಷ್ಟೂ ಹಲಗೆಗೆ ಹೋಗುತ್ತದೆ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಬೇಕು. ಕನಿಷ್ಠ 16 ತಾಸು ಬಿಡಬೇಕು. ಎತ್ತಿದಾಗ ಒಳಗೆ ಬೆವರಿದ್ದರೆ ಅಥವಾ ಕಲ್ಲಿನ ಬಣ್ಣ ಗಾಢವಾಗಿದ್ದರೆ ತೇವ ಇದೆ ಅಂತ. ಆದರೆ ನಮ್ಮ ಊರಲ್ಲಿ ಇದನ್ನು ಯಾವಾಗ ಮಾಡುತ್ತೀರಿ ಅನ್ನುವುದೇ ಮುಖ್ಯ. ಮೇ ತಿಂಗಳಲ್ಲಿ ಮಾಡಿದರೆ ಎಲ್ಲ ನೆಲವೂ ಪಾಸ್. ಹೊರಗೆ 42-43 ಡಿಗ್ರಿ ಸುಡುವಾಗ ಇನ್ನೇನಾಗುತ್ತೆ? ಸೆಪ್ಟೆಂಬರ್‌ನ ಜೋರು ಮಳೆ ಮುಗಿದ ಮೇಲೆ ಮಾಡಿದರೆ ನೆಲ ನಿಜ ಹೇಳುತ್ತದೆ. ನಾನು ಕಾದು ಆಗಲೇ ಮಾಡಿದೆ. ಕೋಣೆಯ ನಡುವಿನ ಹಾಳೆ ಒಣಗಿತ್ತು. ಹೊರಗೋಡೆ ಬದಿಯ ಹಾಳೆಯಲ್ಲಿ ಸಂದಿನ ಗುಂಟ ಸಣ್ಣ ಹನಿಗಳ ಸಾಲು ನಿಂತಿತ್ತು. ಕಲ್ಲಿನ ನಡುಭಾಗ ಮಾತ್ರ ಹಾಗೇ ತಿಳಿಬೂದು.

ಗೋಡೆಯ ಆಚೆ ಹೋಗಿ ನೋಡಿದರೆ ಕಾರಣ ಎದುರಿಗೇ ಇತ್ತು. ಬಟ್ಟೆ ಒಗೆಯುವ ಕಲ್ಲು ಅಲ್ಲೇ, ಅದರ ನೀರು ಗೋಡೆ ಕಡೆಗೇ ಇಳಿಯುತ್ತಿತ್ತು. ಒಳಗೆ ಏನು ಬಳಿದರೂ ಹೊರಗಿನ ನೀರು ನಿಲ್ಲದಿದ್ದರೆ ದುಡ್ಡು ದಂಡ. ಒಗೆಯುವ ಕಲ್ಲನ್ನು ದೂರ ಸರಿಸಿ, ಗೋಡೆಯ ಬುಡಕ್ಕೆ ಹೊರಮುಖ ಇಳಿಜಾರು ಕೊಟ್ಟು ಕಾಂಕ್ರೀಟ್ ಪಟ್ಟಿ ಹಾಕಿಸಿದೆ. ನೆಲ ಒಣಗಲು ಬಿಟ್ಟು ಮತ್ತೆ ಹಾಳೆ ಅಂಟಿಸಿದೆ. ಈ ಸಲ ಬೆವರಲಿಲ್ಲ. ಆದರೂ ಫರ್ಸಿ ಮೇಲೆ ತೇವ ತಡೆಯುವ ಎಪಾಕ್ಸಿ ಎರಡು ಕೋಟ್ ಹೊಡೆಸಿದೆ. ಎರೆಮಣ್ಣನ್ನು ನಂಬಿ ಕೂರುವ ಧೈರ್ಯ ನನಗಿಲ್ಲ.

ಎಪಾಕ್ಸಿಗೆ ಮೊದಲು ಮಾಡಬೇಕಾದ ಎರಡು ಕೆಲಸ ಇವೆ. ಒಂದು, ಸುತ್ತಿಗೆಯ ಹಿಡಿಯಿಂದ ಪ್ರತಿ ಕಲ್ಲನ್ನೂ ಬಡಿದು ನೋಡುವುದು. ಟಣ್ ಅಂದರೆ ಗಟ್ಟಿ, ಡಬ ಡಬ ಅಂದರೆ ಕೆಳಗೆ ಪೊಳ್ಳು. ಪೊಳ್ಳು ಕಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎತ್ತಿ, ಹೊಸ ಗಾರೆಯ ಮೇಲೆ ಕೂರಿಸಿದೆವು. ಹೊಸ ಸಿಮೆಂಟು ಒಣಗಲು ಇಂಚಿಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ, ಅವಸರ ಮಾಡುವ ಹಾಗಿಲ್ಲ.

ಎರಡನೆಯದು ಮೇಣ. ಎಷ್ಟೋ ವರ್ಷದ ಪಾಲಿಶು, ಮೇಲೆ ಎಣ್ಣೆ ಜಿಡ್ಡು. ಒಂದು ಹನಿ ನೀರು ಹಾಕಿದರೆ ಕೆಸುವಿನೆಲೆ ಮೇಲಿನ ಹಾಗೆ ಗುಂಡಗೆ ನಿಲ್ಲುತ್ತಿತ್ತು. ಅಂಥ ಮೈಗೆ ಪ್ರೈಮರೂ ಹಿಡಿಯುವುದಿಲ್ಲ, ತಗ್ಗು ತುಂಬಲು ನೀರಲ್ಲಿ ಕಲಸಿ ಸುರಿಯುವ ಲೆವಲಿಂಗ್ ಪುಡಿಯೂ ಹಿಡಿಯುವುದಿಲ್ಲ. ಗ್ರೈಂಡರ್‌ನಲ್ಲಿ ಮೇಲ್ಮೈ ಕೆರೆಸಿದೆ. ಧೂಳು ಅಂದರೆ ಧೂಳು! ಬಾಗಿಲಿಗೆ ಒದ್ದೆ ಚಾದರ ಕಟ್ಟಿದರೂ ಅಡುಗೆಮನೆಯ ಡಬ್ಬಗಳ ಮೇಲೆ ಬಿಳಿ ಪುಡಿ. ಕೆಲಸದವರಿಗೆ ಸುಮ್ನೆ ಕರವಸ್ತ್ರ ಕಟ್ಟಿಕೊಳ್ಳಿ ಅನ್ನಬೇಡಿ, ಒಳ್ಳೆ ಮಾಸ್ಕ್ ಕೊಡಿಸಿ. ಆ ಧೂಳು ಎದೆಗೆ ಒಳ್ಳೆಯದಲ್ಲ.

ಮುಂದಿನದು ಮಟ್ಟ. ಇಲ್ಲಿ ನನಗೂ ಗೌಂಡಿಗೂ ದೊಡ್ಡ ವಾದವೇ ಆಯಿತು. ಹಳೇ ಮನೆಗಳಲ್ಲಿ ನೆಲ ತೊಳೆದ ನೀರು ಮೋರಿ ಕಡೆ ಹೋಗಲೆಂದು ಇಳಿಜಾರು ಕೊಟ್ಟಿರುತ್ತಾರೆ. ಅದನ್ನೆಲ್ಲ ತುಂಬಿ ಸಪಾಟು ಮಾಡೋಣ ಅಂತ ಅವನು ಟ್ಯೂಬ್ ಲೆವಲ್ (ಮಟ್ಟ ನೋಡುವ ನೀರು ತುಂಬಿದ ಪೈಪು) ಹಿಡಿದು ನಿಂತ. ಅಷ್ಟು ತುಂಬಿಸಿದರೆ ಒಂದು ಮೂಲೆಯಲ್ಲಿ ಎರಡಿಂಚು ಏರುತ್ತಿತ್ತು, ಬಾಗಿಲೇ ತೆರೆಯುತ್ತಿರಲಿಲ್ಲ. ಒಂದೇ ಸಮನಾದ ಇಳಿಜಾರು ಹಲಗೆಗೆ ಏನೂ ಮಾಡುವುದಿಲ್ಲ. ಉಬ್ಬು ತಗ್ಗು ಇದ್ದರೆ ತೊಂದರೆ. ತಗ್ಗಿನ ಮೇಲೆ ಕಾಲಿಟ್ಟಾಗಲೆಲ್ಲ ಹಲಗೆ ಬಾಗಿ, ಕಿರ್ ಅಂದು, ಕೊನೆಗೆ ಜೋಡಣೆ ಮುರಿಯುತ್ತದೆ. ಆರಡಿ ಅಲ್ಯೂಮಿನಿಯಂ ಪಟ್ಟಿ ಇಟ್ಟಾಗ ಕೆಳಗೆ 3 ಮಿ.ಮೀ.ಗಿಂತ ಜಾಸ್ತಿ ಬೆಳಕು ಕಾಣಬಾರದು. ಪಟ್ಟಿಯನ್ನು ಉದ್ದ, ಅಡ್ಡ, ಓರೆ ಮೂರೂ ಕಡೆ ಎಳೆದು ಉಬ್ಬು ಕೆರೆಸಿದೆ, ತಗ್ಗಿಗೆ ಪ್ರೈಮರ್ ಬಳಿದು ಲೆವಲಿಂಗ್ ಪುಡಿ ಸುರಿಸಿದೆ. ಪುಡಿಗೆ ನೀರು ಚೀಲದ ಮೇಲೆ ಬರೆದಷ್ಟೇ ಹಾಕಬೇಕು. ತೆಳ್ಳಗಾಗಲಿ ಅಂತ ಇನ್ನೊಂದು ಮಗ್ ಸೇರಿಸುವ ಚಟ ನಮ್ಮ ಗೌಂಡಿಗಳಿಗೆಲ್ಲ ಇದೆ. ಹಾಗೆ ಮಾಡಿದರೆ ಒಣಗಿದ ಮೇಲೆ ಉಗುರಿನಿಂದ ಕೆರೆದರೂ ಪುಡಿ ಏಳುತ್ತದೆ.

ಗೆದ್ದಲಿನ ಔಷಧಿ ಎಪಾಕ್ಸಿಗೂ ಮುಂಚೆಯೇ ಮುಗಿಸಿದ್ದೆ. ಗೋಡೆಯೂ ನೆಲವೂ ಸೇರುವ ಕಡೆ ಅಡಿಗೊಂದರಂತೆ ತೂತು ಕೊರೆದು, ಔಷಧಿ ತುಂಬಿ, ಸಿಮೆಂಟಿನಿಂದ ಮುಚ್ಚುತ್ತಾರೆ. ವಾಸನೆ ಹೋಗುವವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ. ಪುಟ್ಟಿ, ಬಣ್ಣ, ಎಸಿ ಪೈಪು, ಸ್ವಿಚ್ ಬೋರ್ಡು ಎಲ್ಲ ಹಲಗೆಗಿಂತ ಮೊದಲು. ಹಸಿ ಕೆಲಸ ಒಂದೂ ಬಾಕಿ ಇರಬಾರದು.

ಬಾಗಿಲ ಚೌಕಟ್ಟಿನ ಕೆಲಸಕ್ಕೆ ಬಡಿಗೇರನನ್ನು ಕರೆಸಿದೆ. ನಾನು ತರಿಸಿದ್ದು ಎಂಜಿನಿಯರ್ಡ್ ಓಕ್, 14 ಮಿ.ಮೀ. ದಪ್ಪ. ಅಡ್ಡಡ್ಡ ಪದರ ಅಂಟಿಸಿ ಮಾಡಿರುವುದರಿಂದ ಹವಾಮಾನಕ್ಕೆ ಗಟ್ಟಿ ಸಾಗವಾನಿ ಹಲಗೆಯಷ್ಟು ಹಿಗ್ಗಿ ಕುಗ್ಗುವುದಿಲ್ಲ. ನೆಲಮಹಡಿಗೆ ಅದೇ ವಾಸಿ ಅಂತ ನನ್ನ ಲೆಕ್ಕ. ಹಲಗೆಯನ್ನು ಚೌಕಟ್ಟಿನ ಆಕಾರಕ್ಕೆ ಕೊರೆಯುವುದಕ್ಕಿಂತ ಚೌಕಟ್ಟಿನ ಬುಡವನ್ನೇ ಕೊಯ್ದು ಹಲಗೆಯನ್ನು ಕೆಳಗೆ ತೂರಿಸಿದರೆ ಚೆಂದ. ಅಳತೆಗೆ ಟೇಪೇ ಬೇಡ. ಹಲಗೆಯ ಕೆಳಗೆ ಹಾಸುವ ಫೋಮ್‌ನ ಒಂದು ತುಂಡು, ಅದರ ಮೇಲೆ ತುಂಡು ಹಲಗೆ ಇಟ್ಟು, ಗರಗಸವನ್ನು ಹಲಗೆಯ ಮೇಲೆ ಅಡ್ಡ ಮಲಗಿಸಿ ಕೊಯ್ಯುತ್ತಾ ಹೋದರೆ ಆಯಿತು. ಬಾಗಿಲ ರೆಕ್ಕೆಯನ್ನೂ ಬಿಚ್ಚಿ ಕೆಳಗೆ ತೆಳ್ಳಗೆ ಕತ್ತರಿಸಬೇಕಾಯಿತು. ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್, ಕಿತ್ತು ಇಟ್ಟೆವು, ಏಕೆಂದರೆ ಸುತ್ತಲೂ ಗೋಡೆಗೂ ಹಲಗೆಗೂ ನಡುವೆ 10-12 ಮಿ.ಮೀ. ಜಾಗ ಬಿಡಬೇಕು. ಮರ ಹಿಗ್ಗಲು ಅಷ್ಟು ಬೇಕೇ ಬೇಕು. ಆ ಸಂದು ಆಮೇಲೆ ಸ್ಕರ್ಟಿಂಗ್ ಕೆಳಗೆ ಅಡಗುತ್ತದೆ.

ಹೊಸ್ತಿಲ ವಿಷಯದಲ್ಲಿ ಅವ್ವ ಒಪ್ಪಲಿಲ್ಲ. ದಿನಾ ನೀರು ಹಾಕಿ ಅರಿಶಿನ ಕುಂಕುಮ ಇಡುವ ಜಾಗ ಅದು. ಅದನ್ನು ಕಲ್ಲಾಗಿಯೇ ಬಿಟ್ಟು, ಒಳಗೆ ನಾಲ್ಕು ಬೆರಳು ಬಿಟ್ಟು ಹಿತ್ತಾಳೆ ಪಟ್ಟಿ ಹಾಕಿ ಅಲ್ಲಿಂದ ಮರ ಶುರು ಮಾಡಿಸಿದೆ. ನೋಡಲೂ ಚೆನ್ನಾಗಿದೆ, ನೀರೂ ಒಳಗೆ ಬರಲ್ಲ.

ಹಲಗೆ ಹಾಕುವ ಕಾಲಕ್ಕೂ ಲೆಕ್ಕ ಇದೆ. ಮೇ ತಿಂಗಳ ಒಣ ಹವೆಯಲ್ಲಿ ಬಿಗಿಯಾಗಿ ಜೋಡಿಸಿದರೆ ಮಳೆಗಾಲದಲ್ಲಿ ಹಿಗ್ಗಿ ಎದ್ದು ನಿಲ್ಲಬಹುದು. ಆಗಸ್ಟ್‌ನಲ್ಲಿ ಹಾಕಿದರೆ ಏಪ್ರಿಲ್‌ಗೆ ಸಂದು ಬಿಡುತ್ತದೆ. ಹಾಗಾಗಿ ಡಿಸೆಂಬರ್ ಆರಿಸಿಕೊಂಡೆ. ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ, ಗೋಡೆಗೆ ತಾಗದಂತೆ, ಅಡ್ಡ ಮಲಗಿಸಿ ಕಂಪನಿ ಹೇಳಿದಷ್ಟು ಹೊತ್ತು ಇಟ್ಟೆ. ಪಕ್ಕದಲ್ಲಿ ತೇವಾಂಶ ತೋರಿಸುವ ಸಣ್ಣ ಮೀಟರ್. ಶೇ 30ರಿಂದ 50ರ ನಡುವೆ ಇದ್ದರೆ ಮರಕ್ಕೆ ನೆಮ್ಮದಿ.

ಇನ್ನು ಕೂಲರ್. ನಮ್ಮೂರಿನ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ಕಡಿಮೆ, ಅದು ದಿನವಿಡೀ ಹಸಿ ಗಾಳಿ ಊದುತ್ತದೆ, ಕೆಳಗೆ ಹನಿಯೂ ಬೀಳುತ್ತದೆ. ಓದುವ ಕೋಣೆಯ ಕಿಟಕಿಯಿಂದ ಅದನ್ನು ತೆಗೆಸಿ ಪಡಸಾಲೆಗೆ ಹಾಕಿಸಿದೆ. ನೆಲ ಒರೆಸುವ ಅಕ್ಕನಿಗೂ ಮೊದಲೇ ಹೇಳಿಟ್ಟೆ: ಆ ಕೋಣೆಗೆ ಬಕೆಟ್ ಬೇಡ, ಹಿಂಡಿದ ಬಟ್ಟೆ ಸಾಕು. "ನೀರಿಲ್ದ ಒರಸಿದ್ರ ಅದು ಒರಸಿದಂಗ ಆಗ್ತದೇನ್ರಿ?" ಅಂತ ಅವರಿಗೆ ಇನ್ನೂ ಅನುಮಾನ. ವಾರಕ್ಕೊಮ್ಮೆ ಈ ಮಾತು ಬಂದೇ ಬರುತ್ತದೆ.

ಹಲಗೆ ತರಿಸುವಾಗ ಕೋಣೆಯ ಅಳತೆಗಿಂತ ಶೇ 10ರಷ್ಟು ಜಾಸ್ತಿ ತರಿಸಿ, ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿಕೊಳ್ಳಿ. ಕತ್ತರಿಸಿ ಉಳಿದದ್ದನ್ನು ಎಸೆಯಬೇಡಿ. ನನ್ನವು ಅಲ್ಮಾರಿಯ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿವೆ.