ಚೀಲ ಸಿಕ್ಕಿತು, ಬಾಕಿ ಸಿಗಲಿಲ್ಲ

ಗಂಗಾವತಿಯಲ್ಲಿ ನಮ್ಮ ಕಾಕಾ ಭತ್ತದ ದಲಾಲಿ ಅಂಗಡಿ ನಡೆಸುತ್ತಾರೆ. ಸುಗ್ಗಿ ಶುರುವಾದರೆ ಅವರಿಗೆ ಲೆಕ್ಕದ ಪುಸ್ತಕ ಬಿಚ್ಚುವಷ್ಟೂ ಪುರುಸೊತ್ತು ಇರುವುದಿಲ್ಲ. ಮಾಲು ತೂಕವಾದ ಕೂಡಲೇ ನನಗೊಂದು ವಾಟ್ಸಾಪ್ ಹಾಕಿಬಿಡುತ್ತಾರೆ:

ಕಾರಟಗಿ ಸೋನಾ 62 ಚೀಲ ರೂ.1,850 ಬಾಕಿ

ಅಂದರೆ ಕಾರಟಗಿಯಿಂದ ಬಂದ ಸೋನಾ ಮಸೂರಿ, 75 ಕೆಜಿಯ 62 ಚೀಲ, ಚೀಲಕ್ಕೆ 1,850 ರೂಪಾಯಿ, ರೈತನಿಗೆ ದುಡ್ಡು ಇನ್ನೂ ಕೊಟ್ಟಿಲ್ಲ. ರಾತ್ರಿ ಕೂತು ಇದನ್ನೆಲ್ಲ ಎಕ್ಸೆಲ್‌ಗೆ ಏರಿಸುವುದು ನನ್ನ ಪಾಲಿನ ಕೆಲಸ. ಆಗಷ್ಟೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದ್ದೆ. ಚಾಟನ್ನು ಫೈಲ್ ಮಾಡಿಕೊಂಡು, ರೆಜೆಕ್ಸ್ (ಪಠ್ಯದಲ್ಲಿ ಬೇಕಾದ ಮಾದರಿಯನ್ನು ಹುಡುಕುವ ಸೂತ್ರ) ಬರೆದು ಚೀಲ, ದರ, ಬಾಕಿ ಮೂರನ್ನೂ ಹೆಕ್ಕಿಬಿಡೋಣ ಅಂತ ಹೊರಟೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಹತ್ತು ದಿನ ಹಿಡಿಯಿತು.

ಮೊದಲ ದಿನ ಹೋಗಿದ್ದು ಮ್ಯಾಚ್ ಮತ್ತು ಸರ್ಚ್ ಎಂಬ ಎರಡು ಹುಡುಕುವ ಆಜ್ಞೆಗಳ ನಡುವೆ. ನಾನು ಮ್ಯಾಚ್ ಬಳಸಿದ್ದೆ. ಅದು ಸಾಲಿನ ಶುರುವಿನಲ್ಲಿ ಮಾತ್ರ ನೋಡುತ್ತದೆ. ನಮ್ಮ ಸಾಲು ಊರಿನ ಹೆಸರಿನಿಂದ ಶುರುವಾಗುತ್ತದೆ, ದರ ಇರುವುದು ಆಚೆ ಕಡೆ. ಹಾಗಾಗಿ ಪ್ರತಿ ಸಲ ಸಿಗುತ್ತಿದ್ದದ್ದು 'ನನ್' (None), ಅಂದರೆ ಏನೂ ಇಲ್ಲ. ಅದರ ಮೇಲೆ ಗ್ರೂಪ್, ಅಂದರೆ ಸಿಕ್ಕ ತುಣುಕು, ಕೇಳಿದರೆ ಕೆಂಪು ಅಕ್ಷರದ ಎರರ್. ಸರ್ಚ್ ಅಂತ ಬದಲಾಯಿಸಿದೆ, ಮುಗಿಯಿತು.

ಆಮೇಲೆ ದರ. 'ರೂ.' ಆದ ಮೇಲೆ ಬರುವ ಅಂಕಿಗಳನ್ನೆಲ್ಲ ಹಿಡಿ ಎಂದು ನಾನು ಬರೆದ ಪ್ಯಾಟರ್ನ್ ಇದು:

ರೂ.([0-9]+)

ಎರರ್ ಇಲ್ಲದೆ ಓಡಿತು. ಖುಷಿಯಿಂದ ಶೀಟ್ ಪ್ರಿಂಟ್ ತೆಗೆದು ಕಾಕಾನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. "ಅಲ್ಲಪಾ, 62 ಚೀಲಕ್ಕ 62 ರೂಪಾಯಿ ಅಂತ ಬರದೀಯಲ್ಲ, ಆ ರೈತ ನಮ್ಮನ್ನ ಸುಮ್ನ ಬಿಡ್ತಾನೇನು?" ಎಂದರು.

ತಪ್ಪು ಅಲ್ಪವಿರಾಮದಲ್ಲಿತ್ತು. 1,850ರಲ್ಲಿ 1 ಆದ ಮೇಲೆ ಬರುವುದು ಅಂಕಿ ಅಲ್ಲ, ಕಾಮಾ. ಪ್ಯಾಟರ್ನ್ ಅಲ್ಲೇ ನಿಂತುಬಿಟ್ಟಿದೆ, ದರ ಒಂದು ರೂಪಾಯಿ ಆಗಿದೆ. ಚೌಕ ಬ್ರಾಕೆಟ್ಟಿನೊಳಗೆ ಕಾಮಾ ಸೇರಿಸಿ [0-9,]+ ಮಾಡಿದೆ. ಸಿಕ್ಕಿದ್ದರಲ್ಲಿ ಕಾಮಾ ತೆಗೆದು ಸಂಖ್ಯೆ ಮಾಡಿಕೊಂಡೆ. 62 ಚೀಲಕ್ಕೆ ಒಟ್ಟು 1,14,700 ಬಂತು. ಸರಿ.

ಆದರೆ ಇನ್ನೊಂದು ಲೋಡಿನ ಲೆಕ್ಕ ಸರಿಯಾಗಿ 40,000 ಕಮ್ಮಿ ಬರುತ್ತಿತ್ತು. ಇಂಥ ದುಂಡನೆಯ ಸಂಖ್ಯೆಯಲ್ಲಿ ತಪ್ಪು ಬಂದರೆ ನನಗೆ ಈಗ ಒಳಗೊಳಗೇ ಸಮಾಧಾನ, ಕಾರಣ ಒಂದೇ ಇರುತ್ತದೆ. ಆಗ ಅಷ್ಟು ತಿಳಿದಿರಲಿಲ್ಲ. ಇಡೀ ಫೈಲ್ ಬಿಟ್ಟು ಆ ಒಂದು ಸಾಲನ್ನು ಮಾತ್ರ ಇಟ್ಟುಕೊಂಡು, ಪ್ಯಾಟರ್ನ್‌ಗೆ ಸಿಕ್ಕಿದ್ದನ್ನು ಕಾಮಾ ತೆಗೆಯುವ ಮುಂಚೆ ಹಾಗೇ ಪ್ರಿಂಟ್ ಮಾಡಿದೆ. ತೆರೆಯ ಮೇಲೆ ಬಂದದ್ದು:

,790

ಕಾಮಾ ಮುಂದೆ ಇದೆ! ಅದರ ಹಿಂದಿನ 1 ಎಲ್ಲಿ ಹೋಯಿತು? ಮೂಲ ಸಾಲು ನೋಡಿದರೆ ಕಾಕಾ ಅವಸರದಲ್ಲಿ ಚುಕ್ಕಿ ಬಿಟ್ಟು 'ರೂ1,790' ಎಂದು ಒತ್ತಿದ್ದಾರೆ. ನಾನು ಪ್ಯಾಟರ್ನ್‌ನಲ್ಲಿ ಇಟ್ಟ ಚುಕ್ಕಿ ನನ್ನ ಪಾಲಿಗೆ ಚುಕ್ಕಿ. ರೆಜೆಕ್ಸ್ ಪಾಲಿಗೆ ಅದು 'ಯಾವುದಾದರೂ ಒಂದು ಅಕ್ಷರ'. ಹಾಗಾಗಿ ಆ 1ನ್ನೇ ಚುಕ್ಕಿಯ ಲೆಕ್ಕಕ್ಕೆ ನುಂಗಿಹಾಕಿದೆ. 40 ಚೀಲ, ಚೀಲಕ್ಕೆ 1,000 ಮಾಯ. ಬ್ಯಾಕ್‌ಸ್ಲ್ಯಾಶ್ ಹಾಕಿ ಅದನ್ನು ಬರೀ ಚುಕ್ಕಿಯಾಗಿಸಿ, ಚುಕ್ಕಿ ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದು ಪ್ರಶ್ನೆ ಚಿಹ್ನೆ ಬರೆದೆ. ನಡುವೆ ಖಾಲಿ ಜಾಗ ಬಿಟ್ಟರೂ ಇರಲಿ ಎಂದು ಒಂದು ಸ್ಪೇಸ್ ಮತ್ತು ನಕ್ಷತ್ರ:

ರೂ\.? *([0-9,]+)

ಚೀಲದ ಎಣಿಕೆ ಇಷ್ಟು ಕಾಡಲಿಲ್ಲ. ಒಂದು ದಿನ ಮಾತ್ರ 15,048 ಚೀಲ ಬಂದಿದೆ ಎಂದು ತೋರಿಸಿತು. ಆರ್‌ಎನ್‌ಆರ್ 15048 ಅಂತ ಒಂದು ತಳಿ ಇದೆ, ಅದರ ನಂಬರ್ ಅದು. ಸಾಲಿನ ಮೊದಲ ಅಂಕಿಯನ್ನು ಹಿಡಿಯುವ ಬದಲು ([0-9]+) *ಚೀಲ ಎಂದು ಬರೆದ ಮೇಲೆ ಸುಮ್ಮನಾಯಿತು.

ನಿಜವಾಗಿ ನಿದ್ದೆ ಕೆಡಿಸಿದ್ದು ಬಾಕಿ.

ಕಾಕಾ ಒಮ್ಮೊಮ್ಮೆ 'ಬಾಕಿಯಿಲ್ಲ' ಎಂದು ಬರೆಯುತ್ತಾರೆ. ಸುಮ್ನೆ 'ಬಾಕಿ' ಎಂದು ಹುಡುಕಿದರೆ ದುಡ್ಡು ಕೊಟ್ಟವರೂ ಬಾಕಿಯ ಪಟ್ಟಿಗೆ ಬಂದುಬಿಡುತ್ತಾರೆ. ಪೂರ್ತಿ ಪದವನ್ನೇ ಹಿಡಿಯಬೇಕಾದರೆ ಎರಡೂ ಬದಿಗೆ ಬ್ಯಾಕ್‌ಸ್ಲ್ಯಾಶ್ ಬಿ ಹಾಕಬೇಕು, ಅದು ಪದದ ಗಡಿ ಎಂದು ಓದಿದ್ದೆ. ಹಾಕಿದೆ. ಒಂದೂ ಸಿಗಲಿಲ್ಲ. ಪ್ಯಾಟರ್ನ್ ಸುತ್ತ ಹಾಕುವ ಕೋಟ್ ಚಿಹ್ನೆಯ ಮುಂದೆ ಇಂಗ್ಲಿಷಿನ ಆರ್ ಅಕ್ಷರ ಇಡದಿದ್ದರೆ ಪೈಥಾನ್ ಅದನ್ನು ಬ್ಯಾಕ್‌ಸ್ಪೇಸ್ ಎಂದು ಓದುತ್ತದೆ ಎಂದು ಗೊತ್ತಾಯಿತು. ಆರ್ ಇಟ್ಟೆ. ಆಗಲೂ ಬರೀ 'ಬಾಕಿ' ಎಂದಿದ್ದ ಸಾಲು ಸಿಗಲಿಲ್ಲ. ಅದೇ ಗಡಿಯನ್ನು 'ಚೀಲ' ಪದಕ್ಕೆ ಹಾಕಿ ನೋಡಿದರೆ ಎಲ್ಲಾ ಸಾಲಿನಲ್ಲೂ ಸಿಗುತ್ತದೆ! ಚೀಲ ಸಿಗುತ್ತದೆ, ಬಾಕಿ ಸಿಗುವುದಿಲ್ಲ. ಎರಡೂ ಕನ್ನಡ ಪದ, ಎರಡೂ ಒಂದೇ ಸಾಲಿನಲ್ಲಿವೆ. ಎರಡು ರಾತ್ರಿ ಇದರಲ್ಲೇ ಹೋಯಿತು.

ಕೊನೆಗೆ, ಬೇರೇನೂ ತೋಚದೆ, 'ಬಾಕಿ'ಯನ್ನು ಲಿಸ್ಟ್ ಮಾಡಿ ಪ್ರಿಂಟ್ ಮಾಡಿದೆ. ನನ್ನ ಕಣ್ಣಿಗೆ ಎರಡು ಅಕ್ಷರ. ಪೈಥಾನ್ ನಾಲ್ಕು ತೋರಿಸಿತು: ಬ, ಅದರ ಇಳಿ, ಕ, ಅದರ ಗುಡಿಸು. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಕಾಗುಣಿತ ಬಿಡಿಸಿ ಹೇಳಿಕೊಡುತ್ತಿದ್ದರಲ್ಲ, ಹಾಗೇ. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ಇಳಿ, ಗುಡಿಸು, ಕೊಂಬು ಎಲ್ಲ ಬೇರೆ ಬೇರೆ ಗುರುತುಗಳು. ಪೈಥಾನ್ ಜೊತೆಗೇ ಬರುವ ರೆಜೆಕ್ಸ್ ಮಾಡ್ಯೂಲ್ ಬ, ಕಗಳನ್ನು ಪದದ ಅಕ್ಷರ ಎಂದು ಒಪ್ಪುತ್ತದೆ. ಈ ಗುರುತುಗಳನ್ನು ಒಪ್ಪುವುದಿಲ್ಲ. ಅಕ್ಷರವೂ ಅಕ್ಷರವಲ್ಲದ್ದೂ ಕೂಡುವ ಜಾಗವೇ ಅದಕ್ಕೆ ಗಡಿ. 'ಚೀಲ' ಮುಗಿಯುವುದು ಬರೀ ಲ ಅಕ್ಷರದಿಂದ, ಆದ್ದರಿಂದ ಅಲ್ಲಿ ಗಡಿ ಕಂಡಿತು. 'ಬಾಕಿ' ಮುಗಿಯುವುದು ಗುಡಿಸಿನಿಂದ. ಗುಡಿಸೂ ಅಕ್ಷರವಲ್ಲ, ಆಚೆಯ ಖಾಲಿ ಜಾಗವೂ ಅಕ್ಷರವಲ್ಲ, ಮತ್ತೆ ಗಡಿ ಎಲ್ಲಿಂದ ಬರಬೇಕು? ಪದಗಳನ್ನು ಬಿಡಿಸಲು ಬಳಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂಗೂ ಇದೇ ರೋಗ. 'ರಾಯಚೂರು' ಕೊಟ್ಟರೆ 'ರ', 'ಯಚ', 'ರ' ಎಂದು ಮೂರು ಚೂರು ಮಾಡಿ ಕೊಟ್ಟಿತು.

ಪಿಪ್ ಎಂಬ ಸಾಧನದಿಂದ ಬೇರೆಯಾಗಿ ಹಾಕಿಕೊಳ್ಳುವ ರೆಜೆಕ್ಸ್ ಎಂಬ ಹೆಸರಿನದೇ ಬೇರೊಂದು ಮಾಡ್ಯೂಲ್ ಇದೆ, ಅದಕ್ಕೆ ಕಾಗುಣಿತ ಗೊತ್ತು. ಕನ್ನಡದ ಕೆಲಸ ಜಾಸ್ತಿ ಇದ್ದರೆ ನೇರ ಅದನ್ನೇ ಹಿಡಿಯಿರಿ. ನಾನು ಇದ್ದದ್ದರಲ್ಲೇ ಸಾಗಿಸಿದೆ. 'ಬಾಕಿ ಆದ ಮೇಲೆ ಕನ್ನಡದ ಅಕ್ಷರವಾಗಲಿ ಗುರುತಾಗಲಿ ಇರಬಾರದು' ಎಂದು ನಾನೇ ಬರೆದೆ. ಚೌಕ ಬ್ರಾಕೆಟ್ಟಿನೊಳಗೆ ಇರುವುದು ಸೊನ್ನೆಯಿಂದ, ಅಂದರೆ ಅನುಸ್ವಾರದಿಂದ, ಅರ್ಧಾಕ್ಷರದ ಗುರುತಿನವರೆಗೆ:

ಬಾಕಿ(?![ಂ-್])

'ಬಾಕಿಯಿಲ್ಲ' ಪಟ್ಟಿಯಿಂದ ಹೊರಗೆ ಬಿತ್ತು. ಮಾರನೇ ದಿನವೇ ಕಾಕಾ ನಡುವೆ ಜಾಗ ಬಿಟ್ಟು 'ಬಾಕಿ ಇಲ್ಲ' ಎಂದು ಕಳಿಸಿದರು. ಇದಕ್ಕೂ ಒಂದು ಪ್ಯಾಟರ್ನ್ ಬರೆಯಬಹುದಿತ್ತು. ಬರೆಯಲಿಲ್ಲ. ಅಂಗಡಿಗೆ ಹೋಗಿ, "ಕಾಕಾ, ದುಡ್ಡು ಮುಟ್ಟಿದ್ದರೆ ಇನ್ನು ಮುಂದೆ ಚುಕ್ತಾ ಅಂತ ಬರೀರಿ" ಎಂದೆ.

"ಅಷ್ಟ ಹೌದಲ್ಲ, ಬರೀತೀನಿ ತಗೋ" ಎಂದರು.

ಬರೆದರು. ಒಂದು ಸಲ 'ಚುಕ್ತಾ', ಇನ್ನೊಂದು ಸಲ 'ಚುಕ್ತ'. ಈ ಸಲ ನಾನು ಗಾಬರಿಯಾಗಲಿಲ್ಲ. ಇಳಿ ಬೇರೆಯದೇ ಒಂದು ಗುರುತು ಎಂದಮೇಲೆ ಅದೊಂದನ್ನೇ 'ಇದ್ದರೂ ಸರಿ, ಇಲ್ಲದಿದ್ದರೂ ಸರಿ' ಮಾಡಬಹುದಲ್ವಾ? ಪದದ ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಹಾಕಿದೆ:

ಚುಕ್ತಾ?

ಎರಡೂ ಸಿಕ್ಕವು.