ಬಸಿರಿಗೆ ಪರವಾನಗಿ ಬೇಕಾದ ಊರನ್ನು ಬರೆಯುವ ಬಗೆ

ಮೊದಲ ಪುಟದಲ್ಲೇ ಸರ್ವಾಧಿಕಾರಿಯನ್ನು ಕರೆತರಬೇಡಿ. ಯಾರು ಹೆರಬೇಕು, ಎಷ್ಟು ಹೆರಬೇಕು ಎಂಬುದನ್ನು ಸರ್ಕಾರವೇ ನಿರ್ಧರಿಸುವ ಕರಾಳ ಕಾಲವೊಂದರ ಕಾದಂಬರಿ ಬರೆಯಲು ಹೊರಟಿದ್ದರೆ ಒಂದು ರಿಜಿಸ್ಟರಿನಿಂದ ಆರಂಭಿಸಿ.

ನಾನು 1984ರಲ್ಲಿ ಕೆಲಸಕ್ಕೆ ಸೇರಿ, ಮೂವತ್ತೆಂಟು ವರ್ಷ ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದವಳು. ಊರವರ ಬಾಯಲ್ಲಿ ನರ್ಸಮ್ಮ. ಈಗ ಬರೆಯುವ ಹುಡುಗ ಹುಡುಗಿಯರು ಹಸ್ತಪ್ರತಿ ತಂದುಕೊಟ್ಟು, ಬಸಿರಿನ ವಿವರಗಳು ಸರಿಯಿವೆಯೇ ನೋಡಿ ಎನ್ನುತ್ತಾರೆ. ಹೆಚ್ಚಿನವುಗಳಲ್ಲಿ ಗಾಜಿನ ಗೋಪುರ, ಕ್ಯಾಮೆರಾ, ಕಪ್ಪು ಸಮವಸ್ತ್ರದ ಪೊಲೀಸರು. ಓದುವಾಗ ನನಗೆ ಭಯವೇ ಆಗುವುದಿಲ್ಲ. ನಾನು ಹೆದರಿದ್ದು ಉದ್ದನೆಯ ಒಂದು ಪುಸ್ತಕಕ್ಕೆ.

ಅದರ ಹೆಸರು ಅರ್ಹ ದಂಪತಿಗಳ ರಿಜಿಸ್ಟರ್, ಅಂದರೆ ಹೆರುವ ವಯಸ್ಸಿನ ದಂಪತಿಗಳ ಪಟ್ಟಿ. ಮನೆ ಸಂಖ್ಯೆ, ಗಂಡ ಹೆಂಡತಿಯ ಹೆಸರು, ವಯಸ್ಸು, ಬದುಕಿರುವ ಗಂಡು ಮಕ್ಕಳೆಷ್ಟು, ಹೆಣ್ಣು ಮಕ್ಕಳೆಷ್ಟು, ಕೊನೆಯ ಮಗುವಿಗೆಷ್ಟು ತಿಂಗಳು. ಬಲಗಡೆಯಲ್ಲಿ, ಮಕ್ಕಳಾಗದಂತೆ ಏನು ಮಾಡಿಕೊಂಡಿದ್ದಾರೆ ಎಂದು ಬರೆಯಲು, 'ಅಳವಡಿಸಿಕೊಂಡ ವಿಧಾನ' ಎಂಬ ಅಂಕಣ. ಅದು ಖಾಲಿಯಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. 1996ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಗುರಿ ಪದ್ಧತಿಯನ್ನು ಕೈಬಿಡುವವರೆಗೆ ವರ್ಷಕ್ಕೆ ಇಂತಿಷ್ಟು 'ಕೇಸ್' ತರಲೇಬೇಕಿತ್ತು. ಕೇಸ್ ಎಂದರೆ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಒಪ್ಪಿದ ಹೆಂಗಸು. ಮಾರ್ಚ್ ಬಂತೆಂದರೆ ನಮ್ಮ ಮುಖಗಳೇ ಬದಲಾಗುತ್ತಿದ್ದವು.

ಅಂಥ ಒಂದು ಮಾರ್ಚ್‌ನಲ್ಲಿ ನನಗೆ ಇನ್ನೂ ಎರಡು ಕೇಸ್ ಬೇಕಿತ್ತು. ಮೂರು ಮಕ್ಕಳ ತಾಯಿಯೊಬ್ಬಳು ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹಣ ಎಷ್ಟು ಸಿಗುತ್ತದೆ, ಎಷ್ಟು ದಿನ ವಿಶ್ರಾಂತಿ ಎಂದೆಲ್ಲ ನಾನು ಹೇಳಿದ್ದು ಅವಳ ಅತ್ತೆಗೆ. ಹೂಂ ಎಂದಿದ್ದೂ ಅತ್ತೆಯೇ. ಸೊಸೆ ತಲೆ ಎತ್ತಲಿಲ್ಲ. ನಾನು ಮಸಿಯ ಡಬ್ಬಿ ತೆರೆದಾಗ ಎಡಗೈ ಮುಂದೆ ಚಾಚಿದಳು. ಹೆಬ್ಬೆಟ್ಟು ಒತ್ತಿದ ಮೇಲೆ ಮಸಿಯನ್ನು ಮೊರದ ಅಂಚಿಗೆ ಒರೆಸಿ ಮತ್ತೆ ಜೋಳ ಕೇರತೊಡಗಿದಳು. ನಿನಗೆ ಬೇಕೇನವ್ವಾ ಎಂದು ನಾನು ಕೇಳಲೇ ಇಲ್ಲ. ಅದು ನನ್ನ ತಪ್ಪು. ಇಂದಿಗೂ ಮೊರದ ಸದ್ದು ಕೇಳಿದರೆ ನೆನಪಾಗುತ್ತದೆ. ನಿಮ್ಮ ಮೊದಲ ಅಧ್ಯಾಯಕ್ಕೆ ಇಷ್ಟು ಸಾಕು. ಬಲವಂತಕ್ಕೆ ಬಂದೂಕೇ ಬೇಕೆಂದಿಲ್ಲ. ಉಳಿದವರೆಲ್ಲ ಒಪ್ಪಿದ್ದರೆ ಆಯಿತು. ಹಾಗಾಗಿ ಕಥೆಯನ್ನು ರಿಜಿಸ್ಟರ್ ತುಂಬುವವಳ ಕಣ್ಣಿನಿಂದ ಹೇಳಿ. ಅವಳು ಕೆಟ್ಟವಳಾಗಬೇಕಿಲ್ಲ, ಸಂಬಳ ನಂಬಿ ಬದುಕುವವಳಾಗಿರಲಿ.

ಆಮೇಲೆ ಕಾನೂನು ಬರೆಯಿರಿ. ಅರ್ಧ ಪುಟ ಮೀರದಿರಲಿ, ಆದರೆ ವಿನಾಯಿತಿಗಳನ್ನು ಬಿಡಬೇಡಿ, ಕಥೆ ಹುಟ್ಟುವುದೇ ಅಲ್ಲಿ. 1966ರಲ್ಲಿ ರೊಮೇನಿಯಾದ ಚೌಷೆಸ್ಕು ಸರ್ಕಾರ 770ನೆಯ ಆಜ್ಞೆಯ ಮೂಲಕ ಗರ್ಭಪಾತವನ್ನು ನಿಷೇಧಿಸಿತು. 45 ದಾಟಿದವರಿಗೆ, ನಾಲ್ಕು ಮಕ್ಕಳನ್ನು ಹೆತ್ತವರಿಗೆ ವಿನಾಯಿತಿ ಇತ್ತು. ಮಕ್ಕಳಿಲ್ಲದವರ ಮೇಲೆ ತೆರಿಗೆ ಬಿತ್ತು, ಮುಂದೆ ಕಾರ್ಖಾನೆಗಳಲ್ಲಿ ಹೆಂಗಸರ ಬಸಿರು ತಪಾಸಣೆಯೂ ಶುರುವಾಯಿತು. ಒಂದೇ ವರ್ಷದಲ್ಲಿ ಜನನ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕದ್ದು ಗರ್ಭ ತೆಗೆಸಲು ಹೋಗಿ ಸಾವಿರಾರು ಹೆಂಗಸರು ಸತ್ತರು. ಹೆರಬೇಡ ಎನ್ನುವ ಸರ್ಕಾರ, ಹೆರಲೇಬೇಕು ಎನ್ನುವ ಸರ್ಕಾರ, ಎರಡರ ಕೈಯಲ್ಲೂ ಒಂದೇ ರಿಜಿಸ್ಟರ್ ಇರುತ್ತದೆ. ಎರಡನ್ನೂ ಓದಿಕೊಳ್ಳದೆ ಬರೆಯಬೇಡಿ.

ನಮ್ಮದನ್ನಂತೂ ಓದಲೇಬೇಕು. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಹೆಂಗಸಿಗೆ ಆಯ್ಕೆ ಕೊಟ್ಟ ಕೆಲಸ ಅದು, ಅದನ್ನು ಕರಾಳ ಎನ್ನಲು ನನಗೆ ಮನಸ್ಸಿಲ್ಲ. ತುರ್ತುಪರಿಸ್ಥಿತಿಯ 1976–77ರಲ್ಲಿ ಅದೇ ಮಾತು ಬಲವಂತವಾಯಿತು. ಒಂದೇ ವರ್ಷ 82 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ, ಬಹುಪಾಲು ಗಂಡಸರಿಗೆ. ಚುನಾವಣೆಯಲ್ಲಿ ಸರ್ಕಾರ ಬಿತ್ತು, ಇಲಾಖೆಯ ಹೆಸರಿನಲ್ಲಿದ್ದ 'ಕುಟುಂಬ ಯೋಜನೆ' ಹೋಗಿ 'ಕುಟುಂಬ ಕಲ್ಯಾಣ' ಬಂತು. ಗಂಡಸರ ಸಿಟ್ಟಿಗೆ ಹೆದರಿದ ಕಾರ್ಯಕ್ರಮ ಹೆಂಗಸರ ಕಡೆ ತಿರುಗಿತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕೇಸ್ ಎಂದರೆ ಹೆಂಗಸು ಎಂದೇ ಆಗಿತ್ತು. ಚೀನಾದಲ್ಲಿ 1983ರ ಒಂದೇ ವರ್ಷ 2 ಕೋಟಿಗೂ ಹೆಚ್ಚು ಇಂಥ ಶಸ್ತ್ರಚಿಕಿತ್ಸೆಗಳಾದವು. ಅದೇ ವರ್ಷ ವಿಶ್ವಸಂಸ್ಥೆಯ ಮೊದಲ ಜನಸಂಖ್ಯಾ ಪ್ರಶಸ್ತಿ ಇಂದಿರಾ ಗಾಂಧಿಯವರಿಗೂ ಚೀನಾದ ಸಚಿವ ಚಿಯಾನ್ ಶಿನ್‌ಜಾಂಗ್ ಅವರಿಗೂ ಸಂದಿತು. ನಿಮ್ಮ ಕಾದಂಬರಿಯಲ್ಲೂ ಎಲ್ಲೋ ದೂರದಲ್ಲಿ ಒಂದು ಸನ್ಮಾನ ನಡೆಯುತ್ತಿರಲಿ, ಅದರ ಚಪ್ಪಾಳೆ ರೇಡಿಯೋದಲ್ಲಿ ಕೇಳಿಸಲಿ.

ಪದಗಳು ಮೆತ್ತಗಿರಲಿ. ಚೀನಾದಲ್ಲಿ ಹೆಚ್ಚುವರಿ ಮಗುವಿಗೆ ಹಾಕುತ್ತಿದ್ದ ದಂಡದ ಹೆಸರು 'ಸಾಮಾಜಿಕ ಪೋಷಣಾ ಶುಲ್ಕ'. ನಮ್ಮಲ್ಲಿ ಕೇಸ್ ತಂದವರು 'ಪ್ರೇರಕರು'.

ಇನ್ನು ಬಸಿರು. ಹಸ್ತಪ್ರತಿಗಳಲ್ಲಿ ನಾಯಕಿಗೆ ಎರಡನೇ ತಿಂಗಳಿಗೇ ಮಗು ಒದೆಯುತ್ತದೆ, ಮೂರಕ್ಕೆ ಹೊಟ್ಟೆ ಕಾಣುತ್ತದೆ. ಚೊಚ್ಚಲ ಬಸುರಿಗೆ ಮಗುವಿನ ಅಲುಗಾಟ ತಿಳಿಯುವುದು ಹದಿನೆಂಟು ಇಪ್ಪತ್ತನೇ ವಾರದ ಸುಮಾರಿಗೆ. ಬಚ್ಚಿಟ್ಟ ಬಸಿರನ್ನು ಮೊದಲು ಬಯಲು ಮಾಡುವುದು ಹೊಟ್ಟೆಯಲ್ಲ, ಒಗ್ಗರಣೆ. ಸಾಸಿವೆ ಸಿಡಿದೊಡನೆ ಸೆರಗು ಮೂಗಿಗೆ ಹೋಗುತ್ತದೆ, ನೆರೆಯವಳ ಕಣ್ಣು ಅದನ್ನು ಹಿಡಿಯುತ್ತದೆ. ಕಳ್ಳತನದಲ್ಲಿ ಮಣ್ಣು ತಿನ್ನುವ ಬಯಕೆ, ತೊಡಿಸಲಾಗದ ಹಸಿರು ಬಳೆ, ಮುಟ್ಟಾಗದಿದ್ದರೂ ಹೊರಗೆ ಕೂರುವ ನಾಟಕ, ಇವು ಯಾವ ಕ್ಯಾಮೆರಾಕ್ಕಿಂತಲೂ ಓದುಗನ ಎದೆ ಬಿಗಿಸುತ್ತವೆ.

ನಡುವಿನ ಮುಖ್ಯ ದೃಶ್ಯವನ್ನು ತಾರೀಖಿನ ಮೇಲೆ ಕಟ್ಟಿ. ಬಸಿರಿನ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ದಿನ. ಇಪ್ಪತ್ತು ವಾರ ದಾಟಿದ ಗರ್ಭವನ್ನು ಮುಟ್ಟುವಂತಿಲ್ಲ ಎಂದು ನಿಮ್ಮ ಕಾನೂನು ಹೇಳುತ್ತದೆ ಎಂದುಕೊಳ್ಳಿ. ಪರವಾನಗಿ ಇಲ್ಲದ ಬಸುರಿ ಮಂಚದ ಮೇಲೆ ಅಂಗಾತ ಮಲಗಿ, ಇಪ್ಪತ್ತೆರಡು ವಾರ ಎನ್ನುತ್ತಾಳೆ. ನರ್ಸಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆ ಮುಟ್ಟುತ್ತಾಳೆ. ಇಪ್ಪತ್ತಕ್ಕೆ ಗರ್ಭಕೋಶ ಹೊಕ್ಕುಳ ತಲುಪಿರಬೇಕು. ಇದು ಇನ್ನೂ ಎರಡು ಬೆರಳು ಕೆಳಗಿದೆ. ತುತ್ತೂರಿಯಂಥ ಫೀಟೋಸ್ಕೋಪನ್ನು ಹೊಟ್ಟೆಗೆ ಒತ್ತಿ ಕಿವಿಯಿಡುತ್ತಾಳೆ. ಕೇಳುತ್ತಿರುವುದು ಮಗುವಿನ ಎದೆಬಡಿತವೋ, ತನ್ನದೇ ರಕ್ತದ ಬಡಿತವೋ ತಿಳಿಯುವುದಿಲ್ಲ. ಇಬ್ಬರಿಗೂ ಸುಳ್ಳು ಗೊತ್ತು. ಪೆನ್ನು ನರ್ಸಮ್ಮನ ಕೈಯಲ್ಲಿದೆ. ಈ ದೃಶ್ಯಕ್ಕೆ ಹತ್ತು ಪುಟ ಕೊಟ್ಟರೂ ಹೆಚ್ಚಾಗದು.

ಕೊನೆಯಲ್ಲಿ ಆಡಳಿತ ಬೀಳುವುದಾದರೆ ಅದನ್ನು ಒಂದು ಸಾಲಿನಲ್ಲಿ ಮುಗಿಸಿ. 1989ರ ಡಿಸೆಂಬರ್ 25ರಂದು ಚೌಷೆಸ್ಕುವನ್ನು ಕೊಂದರು, ಮರುದಿನವೇ ಆಜ್ಞೆ ರದ್ದಾಯಿತು. ನಮ್ಮಲ್ಲಿ ಗುರಿ ಹೋದ ಮೇಲೂ ನಾನು ಅದೇ ಕುರ್ಚಿಯಲ್ಲಿದ್ದೆ, ಜೋಳ ಕೇರಿದವಳು ಅದೇ ಊರಿನಲ್ಲಿದ್ದಳು. ನಿಮ್ಮ ನರ್ಸಮ್ಮನೂ ಮರುದಿನ ಬೆಳಿಗ್ಗೆ ಉಪಕೇಂದ್ರದ ಬೀಗ ತೆಗೆಯಲಿ. ರಿಜಿಸ್ಟರ್ ಮೇಜಿನ ಮೇಲಿದೆ. ಹೊರಗೆ ಬೆಂಚಿನ ಮೇಲೆ ಆ ಹೆಂಗಸು ಬಂದು ಕೂತಿದ್ದಾಳೆ. ಮೊದಲು ಯಾರು ಮಾತಾಡುತ್ತಾರೆ ಎಂಬುದನ್ನು ನೀವು ಬರೆಯಿರಿ.