ಬ್ಯಾಂಜೊ, ಫಿಡಲ್ ಎರಡನ್ನೂ ಕಲಿಯುತ್ತಿರುವವರಿಗೆ

ಒಂದೇ ಧಾಟಿಯನ್ನು ಎರಡರಲ್ಲೂ ನುಡಿಸುವವರು ಮೊದಲು ಶ್ರುತಿ ನೋಡಿಕೊಳ್ಳಿ. ಫಿಡಲ್‌ನ ಹಳೆಯ ಧಾಟಿಗಳಲ್ಲಿ ಬಹಳಷ್ಟು ಎ ಅಥವಾ ಡಿ ಶ್ರುತಿಯಲ್ಲಿವೆ. ಐದು ತಂತಿಯ ಬ್ಯಾಂಜೊ ಸಾಮಾನ್ಯವಾಗಿ ಜಿ-ಯಲ್ಲಿರುತ್ತದೆ. ಎ ಬೇಕಾದರೆ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳಲ್ಲಿ 2ನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಗಿಡ್ಡ ಐದನೇ ತಂತಿಯನ್ನೂ ಎ-ಗೆ ಏರಿಸಿ. ಇದನ್ನೇ ಎಲ್ಲರೂ ಮರೆಯುವುದು.

ಆಮೇಲೂ ಅಪಸ್ವರವೇ? ತಂತಿಗಳನ್ನು ಎತ್ತಿ ಹಿಡಿದಿರುವ ಬ್ರಿಜ್ ನೋಡಿ. ಬ್ಯಾಂಜೊದಲ್ಲಿ ಅದನ್ನು ಅಂಟಿಸಿರುವುದಿಲ್ಲ, ಸರಿಯುತ್ತದೆ. 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರ, ಅಲ್ಲೇ ತಂತಿಯನ್ನು ಬರೀ ಮುಟ್ಟಿ ಮೀಟಿದ ಸ್ವರಕ್ಕಿಂತ ಏರಿದ್ದರೆ ಬ್ರಿಜ್ಜನ್ನು ತಂತಿಗಳ ತುದಿ ಕಟ್ಟಿರುವ ಟೇಲ್‌ಪೀಸ್ ಕಡೆಗೆ ಕೂದಲೆಳೆಯಷ್ಟು ತಳ್ಳಿ. ಇಳಿದಿದ್ದರೆ ಕುತ್ತಿಗೆ ಕಡೆಗೆ.

ಫಿಡಲ್ ಕಿರುಗುಟ್ಟಿದರೆ ಕಮಾನಿಗೆ ರೋಸಿನ್ (ಹಿಡಿತಕ್ಕೆ ಹಚ್ಚುವ ರಾಳ) ಮೇಲೆ ರೋಸಿನ್ ಬಳಿಯಬೇಡಿ. ಹೆಚ್ಚಾಗಿ ಕಮಾನು ಬ್ರಿಜ್‌ಗೆ ಸಮಾನಾಂತರವಾಗಿರದೆ ಓರೆಯಾಗಿ ಜಾರುತ್ತಿರುತ್ತದೆ. ಕನ್ನಡಿ ಮುಂದೆ ನಿಂತು, ತಾಳ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕಿಟ್ಟು, ನಾಲ್ಕು ಬಡಿತಕ್ಕೊಂದರಂತೆ ಉದ್ದಕ್ಕೆ ಕಮಾನು ಎಳೆಯಿರಿ.